ಯಾರು ನೋಡಿದರು ಎನ್ನುವವರಿಗೆ

"ಮಂಗ್ಯಾನಿಂದ ಮನಷ್ಯಾ ಆಗಿದ್ದನ್ನ ಯಾರು ನೋಡ್ಯಾರ್ರೀ ಟೀಚರ್?" ಈ ಪ್ರಶ್ನೆಯನ್ನು ಸಿರುಗುಪ್ಪದಲ್ಲಿ ಕೇಳಿಸಿಕೊಂಡಿದ್ದೇನೆ, ಕುರುಗೋಡಿನಲ್ಲಿ ಕೇಳಿಸಿಕೊಂಡಿದ್ದೇನೆ, ಬಳ್ಳಾರಿಯ ಮದುವೆ ಮನೆಗಳ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡಿದ್ದೇನೆ. ಕೇಳುವವರ ಮುಖದಲ್ಲಿ ಆಗಲೇ ಗೆದ್ದ ನಗೆ ಇರುತ್ತದೆ. 2018ರ ಜನವರಿಯಲ್ಲಿ, ಕೇಂದ್ರದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರೂ ಇದನ್ನೇ ಹೇಳಿದರು. ನಮ್ಮ ಹಿರಿಯರಲ್ಲಿ ಯಾರೂ ಅದನ್ನು ಕಂಡೆವೆಂದು ಹೇಳಿಲ್ಲ, ಬರೆದಿಲ್ಲ. ಆದ್ದರಿಂದ ಡಾರ್ವಿನ್ ತಪ್ಪು, ಶಾಲೆಯ ಪಾಠ ಬದಲಾಗಬೇಕು ಎಂದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಆದರೆ ಮಂತ್ರಿಯ ಮಾತು ಓಡಿದಷ್ಟು ದೂರ ಅಕಾಡೆಮಿಯ ಮಾತು ಓಡುವುದಿಲ್ಲ.

ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ಹೇಳಿಕೊಡುವವಳು. ವಿಜ್ಞಾನದ ಮಾತು ನಿಮಗೇಕೆ ಎಂದು ಕೇಳಬಹುದು. ನನಗೇ ಬೇಕು. ನನ್ನ ಕೈಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಹತ್ತನೆಯ ತರಗತಿ ಮುಗಿಸಿ ಕಲೆಗೋ ವಾಣಿಜ್ಯಕ್ಕೋ ಸೇರಿದರು, ಕೆಲವರು ನೇರವಾಗಿ ಗಂಡನ ಮನೆಗೆ ಹೋದರು. ಜೀವಲೋಕದ ಬಗ್ಗೆ ಅವರಿಗೆ ಶಾಲೆ ಕೊಟ್ಟದ್ದೇ ಕೊನೆಯ ಬುತ್ತಿ.

ಮೊದಲು "ಯಾರು ನೋಡಿದರು" ಎಂಬ ಮಾತನ್ನೇ ಹಿಡಿಯೋಣ. ಬಳ್ಳಾರಿಯಿಂದ ತೋರಣಗಲ್ಲಿನ ಕಡೆ ಹೊರಟರೆ ಕುಡಿತಿನಿಯ ಹತ್ತಿರ ಬೂದಿದಿಬ್ಬ ಸಿಗುತ್ತದೆ. ಇಂಥ ದಿಬ್ಬಗಳು ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನ ಕಥೆ ಹೇಳುತ್ತಿದ್ದರು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು, ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಇಂಥದ್ದೇ ಒಂದು ದಿಬ್ಬವನ್ನು ಅಗೆದರು. ಪದರ ಪದರವಾಗಿ ಸುಟ್ಟ ಸಗಣಿ, ನಡುವೆ ದನಗಳ ಗೊರಸಿನ ಗುರುತು ಸಿಕ್ಕವು. ಅದು ನಾಲ್ಕೈದು ಸಾವಿರ ವರ್ಷ ಹಿಂದಿನ ದನದ ದೊಡ್ಡಿ. ಆ ದೊಡ್ಡಿಗೆ ಬೆಂಕಿ ಬಿದ್ದದ್ದನ್ನು ಈಗಿರುವ ಯಾರೂ ನೋಡಿಲ್ಲ. ಆದರೂ ನಂಬುತ್ತೇವೆ. ಯಾಕೆಂದರೆ ಗುರುತು ಸುಳ್ಳು ಹೇಳುವುದಿಲ್ಲ. ನನ್ನ ಇತಿಹಾಸದ ಪಾಠವೆಲ್ಲ ಹೀಗೆ ಕಾಣದ್ದನ್ನು ಗುರುತಿನಿಂದ ತಿಳಿಯುವ ಪಾಠ. ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ.

ಇನ್ನು ಮಂಗನ ಮಾತು. ನಮ್ಮ ಮಾಳಿಗೆಯ ಮೇಲೆ ಹಪ್ಪಳ ಕದಿಯುವ ಮಂಗನಿಂದ ಮನುಷ್ಯ ಹುಟ್ಟಿದನೆಂದು ಡಾರ್ವಿನ್ ಹೇಳಲೇ ಇಲ್ಲ. ನಿಮ್ಮ ಚಿಕ್ಕಪ್ಪನ ಮಗಳು ನಿಮ್ಮ ಅಜ್ಜಿಯಲ್ಲ. ನಿಮ್ಮಿಬ್ಬರಿಗೂ ಅಜ್ಜಿ ಒಬ್ಬಳೇ. ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಅಂಥ ಒಬ್ಬಳು ಅಜ್ಜಿ ಇದ್ದಳು. ಮಾಳಿಗೆಯ ಮಂಗ ಇನ್ನೂ ದೂರದ ದಾಯಾದಿ, ಅಷ್ಟೇ.

ಇದಕ್ಕಿಂತ ಚತುರರಾದವರು ಇನ್ನೊಂದು ಮಾತು ತೆಗೆಯುತ್ತಾರೆ: "ಸಣ್ಣಪುಟ್ಟ ಬದಲಾವಣೆ ಒಪ್ಪುತ್ತೇವೆ, ಒಂದು ಜಾತಿಯ ಪ್ರಾಣಿ ಇನ್ನೊಂದಾಗುವುದನ್ನು ಒಪ್ಪುವುದಿಲ್ಲ." ಸಣ್ಣದನ್ನು ಒಪ್ಪದೆ ಅವರಿಗೆ ಗತಿಯಿಲ್ಲ, ಅದು ಹೊಲದಲ್ಲೇ ಇದೆ. ಕಾಯಿಕೊರಕ ಹುಳ ಸಾಯಲೆಂದು 2002ರಲ್ಲಿ ಬಿಟಿ ಹತ್ತಿ ಬಂತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದರ ಮೊದಲ ವಿಷವನ್ನು ಜೀರ್ಣಿಸಿಕೊಂಡಿತ್ತು. ಹುಳಕ್ಕೆ ಬುದ್ಧಿ ಬಂದದ್ದಲ್ಲ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಕೆಲವಕ್ಕೆ ಹುಟ್ಟಿನಿಂದಲೇ ತಡೆಯುವ ಶಕ್ತಿ ಇತ್ತು. ಉಳಿದವು ಸತ್ತವು, ಇವು ಮರಿ ಮಾಡಿದವು. ಡಾರ್ವಿನ್ 1859ರಲ್ಲಿ ಬರೆದ ನಿಸರ್ಗದ ಆಯ್ಕೆ ಎಂದರೆ ಇದೇ. ಒಂದು ಪ್ರಭೇದದೊಳಗಿನ ಇಂಥ ಬದಲಾವಣೆ ಸೂಕ್ಷ್ಮವಿಕಾಸ. ಹೊಸ ಪ್ರಭೇದಗಳು, ಹೊಸ ಕುಲಗಳೇ ಮೂಡುವುದು ಸ್ಥೂಲವಿಕಾಸ. ಮ್ಯಾಕ್ರೊ ಎವಲ್ಯೂಷನ್ ಎನ್ನುವುದು ಇದಕ್ಕೇ.

ಎರಡರ ನಡುವೆ ಗೋಡೆ ಇದೆಯೇ? ಬಳ್ಳಾರಿಯವರಾದ ನಮಗೆ ಇದನ್ನು ತಿಳಿಯಲು ಮಾತೇ ಸಾಕು. ನಮ್ಮ ಓಣಿಯಲ್ಲಿ ಒಂದು ಮನೆ ಕನ್ನಡ, ಒಂದು ಮನೆ ತೆಲುಗು. ಎರಡೂ ಬಹಳ ಹಿಂದಿನ ಒಂದೇ ದ್ರಾವಿಡ ಮಾತಿನ ಮಕ್ಕಳು. ಯಾವ ತಾಯಿಯೂ ತನ್ನ ಮಗುವಿಗೆ ತಿಳಿಯದ ಭಾಷೆ ಆಡಲಿಲ್ಲ. ಪ್ರತಿ ತಲೆಮಾರಿನಲ್ಲೂ ಆದದ್ದು ಸಣ್ಣ ಬದಲಾವಣೆಯೇ. ಜನ ದೂರವಾದರು, ಕಾಲ ಸರಿಯಿತು, ಇಂದು ಎರಡು ಭಾಷೆ. ಹಲ್ಮಿಡಿ ಶಾಸನವನ್ನು ಹಾಗೇ ಓದಿದರೆ ನನ್ನ ಮಕ್ಕಳಿಗೆ ಅರ್ಥವಾಗುವುದಿಲ್ಲ, ಅದು ಕನ್ನಡವೇ ಆದರೂ. ಪ್ರಾಣಿಗಳಲ್ಲೂ ಒಂದು ಗುಂಪು ಎರಡಾಗಿ, ಬೆಟ್ಟವೋ ನೀರೋ ನಡುವೆ ಬಂದು, ಕೂಡಿ ಮರಿ ಮಾಡಲಾರದಷ್ಟು ದೂರವಾದಾಗ ಹೊಸ ಪ್ರಭೇದ.

ಇದು ಹೋಲಿಕೆ, ಸಾಕ್ಷಿ ಎಲ್ಲಿ ಎನ್ನುವಿರಾ? ಕುರುಗೋಡಿನ ದೊಡ್ಡ ಬಸವಣ್ಣನನ್ನು ನೆನೆಯಿರಿ. ಆ ಎತ್ತಿನ ಕುಲಕ್ಕೂ ಸಮುದ್ರದ ತಿಮಿಂಗಿಲಕ್ಕೂ ನೆಂಟಸ್ತನ ಇದೆ ಎಂದರೆ ನಗುತ್ತೀರಿ. ತಿಮಿಂಗಿಲ ಮೀನಲ್ಲ; ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡುತ್ತದೆ, ಅದರ ಮೈಯೊಳಗೆ ಇಂದಿಗೂ ಸೊಂಟದ ಮೂಳೆಯ ತುಣುಕು ಇದೆ. 2001ರಲ್ಲಿ ಪಾಕಿಸ್ತಾನದಲ್ಲಿ ದೊರೆತ ಕಾಲುಳ್ಳ ಪ್ರಾಚೀನ ತಿಮಿಂಗಿಲಗಳ ಹರಡಿನ ಮೂಳೆ, ಸೀಳುಗೊರಸಿನ ದನ-ಆಡುಗಳ ಹರಡಿನ ಮೂಳೆಯಂತೆಯೇ ಇತ್ತು. ನಮ್ಮ ದೇಶದ ಭೂವಿಜ್ಞಾನಿ ಎ. ರಂಗರಾವ್ ಅವರು ಕಾಶ್ಮೀರದ ಕಾಲಾಕೋಟದಿಂದ ಕಲ್ಲುಗಳನ್ನು ಆರಿಸಿ ತಂದಿದ್ದರು. ಅವರು ತೀರಿಕೊಂಡ ಮೇಲೆ ಆ ಕಲ್ಲುಗಳನ್ನು ಸಂಶೋಧಕರ ಕೈಗೆ ತಲುಪಿಸಿದವರು ಅವರ ಪತ್ನಿ. ಅದರೊಳಗಿದ್ದ ಇಂಡೋಹ್ಯೂಸ್ ಎಂಬ ಸಣ್ಣ ಸೀಳುಗೊರಸಿನ ಪ್ರಾಣಿಯ ಕಿವಿಯ ಮೂಳೆ ತಿಮಿಂಗಿಲದ್ದರಂತೆ ದಪ್ಪನಾಗಿತ್ತು. 2007ರಲ್ಲಿ ಇದು ಪ್ರಕಟವಾಯಿತು. 4.8 ಕೋಟಿ ವರ್ಷ ಹಿಂದಿನ ಆ ಪ್ರಾಣಿ ತಿಮಿಂಗಿಲಗಳ ಹತ್ತಿರದ ದಾಯಾದಿ. ಮೂಳೆ ಹೇಳಿದ ನೆಂಟಸ್ತನವನ್ನೇ ಡಿ.ಎನ್.ಎ. ಕೂಡ ಹೇಳುತ್ತದೆ.

ಹಾಗಾದರೆ ಡಾರ್ವಿನ್ ಹೇಳಿದ್ದೇ ಕೊನೆಯ ಮಾತೇ? ಅಲ್ಲ. ತಾಯಿತಂದೆಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಮೆಂಡೆಲ್‌ನ ಕೆಲಸ ಬೆಳಕಿಗೆ ಬಂದದ್ದು 1900ರಲ್ಲಿ. ಎರಡನ್ನೂ ಬೆಸೆದವರಲ್ಲಿ ಒಬ್ಬರಾದ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾದರು. ಸ್ಥೂಲವಿಕಾಸ ಎಂಬ ಅರ್ಥದ ಪದ ಹುಟ್ಟಿಸಿದ್ದು 1927ರಲ್ಲಿ ಫಿಲಿಪ್ಚೆಂಕೊ ಎಂಬ ರಷ್ಯನ್. ಸಣ್ಣ ಬದಲಾವಣೆಗಳಿಂದಲೇ ದೊಡ್ಡದು ಆಗುತ್ತದೆಂದು ಅವರಿಗೆ ನಂಬಿಕೆ ಇರಲಿಲ್ಲ. ವಿಕಾಸ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಬಹುಕಾಲ ನಿಂತು ಆಮೇಲೆ ಬಿರುಸಾಗುತ್ತದೆ ಎಂದು ಎಲ್ಡ್ರೆಜ್ ಮತ್ತು ಗೂಲ್ಡ್ 1972ರಲ್ಲಿ ವಾದಿಸಿದರು. 6.6 ಕೋಟಿ ವರ್ಷ ಹಿಂದೆ ಆಕಾಶದಿಂದ ಬಂಡೆ ಅಪ್ಪಳಿಸಿ ಡೈನೊಸಾರುಗಳು ಅಳಿದವು. ಹಕ್ಕಿಗಳಾಗಿ ಒಂದು ಕವಲು ಮಾತ್ರ ಉಳಿಯಿತು, ಹಾಲುಣಿಸುವ ಪ್ರಾಣಿಗಳಿಗೆ ಜಾಗ ಸಿಕ್ಕಿತು. ನಿಸರ್ಗದ ಆಯ್ಕೆಯೊಂದಿಗೆ ಇಂಥ ಆಕಸ್ಮಿಕಗಳೂ ಸೇರಿಯೇ ಸ್ಥೂಲವಿಕಾಸದ ಕಥೆ. ಜಗಳ ಇರುವುದು ವೇಗ ಎಷ್ಟು, ಯಾವ ಕಾರಣದ ಪಾಲು ಎಷ್ಟು ಎಂಬುದರಲ್ಲಿ. ನೆಂಟಸ್ತನ ಇದೆಯೇ ಎಂಬುದರಲ್ಲಿ ಅಲ್ಲ. ಅಣ್ಣತಮ್ಮಂದಿರು ಆಸ್ತಿಯ ಪಾಲಿಗೆ ಜಗಳಾಡಿದರೆ ಅವರು ಅಣ್ಣತಮ್ಮಂದಿರೇ ಅಲ್ಲ ಎಂದಾಗುತ್ತದೆಯೇ?

ಇಂಥ ಪಾಠವನ್ನು 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಎನ್.ಸಿ.ಇ.ಆರ್.ಟಿ. ಹತ್ತನೆಯ ತರಗತಿಯಿಂದ ತೆಗೆಯಿತು. "ಅನುವಂಶೀಯತೆ ಮತ್ತು ವಿಕಾಸ" ಎಂದಿದ್ದ ಅಧ್ಯಾಯ ಬರೀ "ಅನುವಂಶೀಯತೆ" ಆಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಮಾಡಿ ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಇದೆಯಲ್ಲ ಎಂಬ ಸಮಾಧಾನ ಬಂತು. ಜೀವಶಾಸ್ತ್ರ ಆರಿಸಿಕೊಳ್ಳುವವರು ಎಷ್ಟು ಮಂದಿ? ಡಾಕ್ಟರಾಗುವವಳಿಗೆ ಮಾತ್ರ ತಾನು ಎಲ್ಲಿಂದ ಬಂದೆ ಎಂದು ತಿಳಿಯುವ ಹಕ್ಕೇ? ಕ್ಷಯದ ಮಾತ್ರೆಯನ್ನು ನಡುವೆ ಬಿಡಬೇಡ, ರೋಗಾಣು ಬಲಿಯುತ್ತದೆ ಎಂದು ಗಂಡನಿಗೆ ಹೇಳಬೇಕಾದವಳು ಮನೆಯಲ್ಲಿರುವ ಹೆಣ್ಣುಮಗಳು. ಹುಟ್ಟಿನಿಂದಲೇ ಒಬ್ಬರು ಮೇಲು, ಒಬ್ಬರು ಕೀಳು ಎನ್ನುವವರ ಎದುರು ಎಲ್ಲರ ಅಜ್ಜಿಯೂ ಒಬ್ಬಳೇ ಎಂದು ಹೇಳಬೇಕಾದವಳೂ ಅವಳೇ.

ಯಾರ ಭಕ್ತಿಗೂ ಇದರಿಂದ ಧಕ್ಕೆಯಿಲ್ಲ. ಬಸವಣ್ಣನಿಗೆ ಕೈ ಮುಗಿಯಿರಿ, ತೇರಿಗೆ ಬಾಳೆಹಣ್ಣು ಎಸೆಯಿರಿ. ಆದರೆ ನಿಮ್ಮ ಮಗಳು "ಅಮ್ಮಾ, ಮನುಷ್ಯ ಎಲ್ಲಿಂದ ಬಂದ?" ಎಂದು ಕೇಳಿದಾಗ "ಯಾರು ನೋಡ್ಯಾರ" ಎಂದು ಅವಳ ಬಾಯಿ ಮುಚ್ಚಿಸಬೇಡಿ. ಅವಳನ್ನು ಕುಡಿತಿನಿಯ ದಿಬ್ಬಕ್ಕೆ ಕರೆದುಕೊಂಡು ಹೋಗಿ. ಕಾಣದ್ದನ್ನು ಹೇಗೆ ತಿಳಿಯುತ್ತಾರೆಂದು ಅಲ್ಲಿಂದ ಶುರುಮಾಡಿ. ಪುಸ್ತಕ ಕಿತ್ತುಕೊಂಡದ್ದನ್ನು ತಾಯಿ ಕೊಡಬಹುದು.