ದೇವರ ಮುನಿಸು ಯಾರ ಮೇಲೆ?

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಕಟ್ಟೆಯ ಮೇಲೆ ಒಂದು ಮಾತು ಕೇಳಿಬರುತ್ತದೆ: ಊರಲ್ಲಿ ಪಾಪ ಹೆಚ್ಚಿದೆ, ದೇವರು ಮುನಿದಿದ್ದಾನೆ. ಈ ಕನ್ನಡ ನೆಲದ ಗಡಿಗಳು ಹಲವು ಸಲ ಬದಲಾಗಿವೆ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರದ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಬದಲಾಗದೆ ಉಳಿದದ್ದು ಬರ. ವರ್ಷದ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಮುಂಗಾರು ಪಶ್ಚಿಮಘಟ್ಟದಲ್ಲೇ ಸುರಿದು ಸೊರಗಿ ಬರುತ್ತದೆ, ಹಿಂಗಾರಿನ ಹೆಚ್ಚು ಪಾಲು ಕರಾವಳಿಯಲ್ಲೇ ಮುಗಿಯುತ್ತದೆ. ಕಾರಣ ಇಷ್ಟು ಸ್ಪಷ್ಟವಿದ್ದರೂ, ಶೇಂಗಾ ಬಿತ್ತಿ ಸಾಲ ಹೊತ್ತ ರೈತನ ಕೊರಳಿಗೆ ಪಾಪದ ಲೆಕ್ಕವನ್ನೂ ಕಟ್ಟುತ್ತಾರೆ. ಇದು ರೈತನಿಗೆ ಮಾಡುವ ಅನ್ಯಾಯ, ದೇವರಿಗೂ ಮಾಡುವ ಅನ್ಯಾಯ.

ಅದೇ ಸತ್ಯಸಾಯಿ ಜಿಲ್ಲೆಯ ಕದಿರಿಯಲ್ಲಿ ಕಂಬ ಒಡೆದು ಬಂದ ನರಸಿಂಹನ ಪಕ್ಕದಲ್ಲೇ ಪ್ರಹ್ಲಾದನೂ ಪೂಜೆಗೊಳ್ಳುತ್ತಾನೆ. ಭಾಗವತದ ಏಳನೇ ಸ್ಕಂಧ ಓದಿದವರಿಗೆ ಈ ಜೊತೆಯ ಅರ್ಥ ತಿಳಿಯುತ್ತದೆ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ಸ್ವಾಮಿಯ ಕೋಪ ಇಳಿಯಲಿಲ್ಲ. ಬ್ರಹ್ಮ ದೂರ ನಿಂತ, ರುದ್ರ ದೂರ ನಿಂತ, ಲಕ್ಷ್ಮಿಗೂ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಹೋದವನು ಪುಟ್ಟ ಹುಡುಗ. ಅವನ ತಲೆಯ ಮೇಲೆ ಅದೇ ಉಗುರಿನ ಕೈ ಬಂದು ಕೂತಿತು. ಆಮೇಲೆ ಪ್ರಹ್ಲಾದ ಬೇಡಿದ್ದೇನು? ತನ್ನನ್ನು ಕೊಲ್ಲಲು ಹವಣಿಸಿದ ಅಪ್ಪನಿಗೆ ಆ ಪಾಪ ತಟ್ಟದಿರಲಿ ಎಂದು. ಸಿಕ್ಕ ಉತ್ತರ, ಇಪ್ಪತ್ತೊಂದು ತಲೆಮಾರಿನ ಹಿರಿಯರೊಂದಿಗೆ ನಿನ್ನಪ್ಪ ಪಾವನನಾದ ಎಂಬುದು.

ಲೇಪಾಕ್ಷಿಯ ವೀರಭದ್ರನದೂ ಹೀಗೆಯೇ. ದಕ್ಷನ ಯಜ್ಞಶಾಲೆಯನ್ನು ಪುಡಿಗಟ್ಟಿ ಅವನ ತಲೆ ಕಡಿದದ್ದು ನಿಜ, ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ದಕ್ಷ ಮತ್ತೆ ಜೀವ ಪಡೆಯುತ್ತಾನೆ, ನಿಂತ ಯಜ್ಞ ಪೂರ್ಣವಾಗುತ್ತದೆ. ಕನ್ನಡ, ತೆಲುಗು ಸೀಮೆಯ ಎಷ್ಟೋ ವೀರಭದ್ರ ಮೂರ್ತಿಗಳ ಕಾಲ ಬಳಿ ಕುರಿದಲೆಯ ದಕ್ಷ ಕೈಮುಗಿದು ನಿಂತಿರುತ್ತಾನೆ. ಶಿಕ್ಷೆಯೂ ಕ್ಷಮೆಯೂ ಒಂದೇ ಕಲ್ಲಿನಲ್ಲಿವೆ.

ಈ ಎರಡೂ ಕಥೆಗಳಲ್ಲಿ ದೇವರ ಉಗ್ರತೆಗೆ ಒಂದು ವಿಳಾಸವಿದೆ. ಅದು ಎರಗುವುದು ಅಧಿಕಾರದ ಸೊಕ್ಕಿನ ಮೇಲೆ. ಬಾವಿ ಬತ್ತಿದವನ ಮೇಲೆ, ರೋಗ ಬಂದ ಮಗುವಿನ ಮೇಲೆ ಅಲ್ಲ.

ಹಳ್ಳಿಯ ಮಾರಮ್ಮನ ಮಾತೇನು ಎಂದು ಯಾರಾದರೂ ಕೇಳಬಹುದು. ಸಿಡುಬು ಬಂದರೆ ಅಮ್ಮ ಬಂದಳು ಎನ್ನುತ್ತಿದ್ದರು, ಬೇವಿನ ಸೊಪ್ಪು ಹಾಸಿ ಮಲಗಿಸುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು 1975ರವು; 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾರಮ್ಮನ ಜಾತ್ರೆ ಮಾತ್ರ ನಿಂತಿಲ್ಲ. ಅಮ್ಮ ಎಂದರೆ ರೋಗದ ಭಯವಷ್ಟೇ ಆಗಿದ್ದರೆ ಲಸಿಕೆಯ ಜೊತೆಗೇ ಗುಡಿಗೆ ಬೀಗ ಬೀಳುತ್ತಿತ್ತು. ಜನ ಅವಳಲ್ಲಿ ಕಂಡದ್ದು ಕಾಯುವ ತಾಯಿಯನ್ನೇ.

ಪಂಡಿತರು ಕರ್ಮದ ಮಾತೆತ್ತುತ್ತಾರೆ. ದೇವರಿಗೆ ಪಕ್ಷಪಾತವಿಲ್ಲ, ಕ್ರೌರ್ಯವಿಲ್ಲ, ಫಲ ಅವರವರ ಕರ್ಮಕ್ಕೆ ತಕ್ಕಂತೆ ಎಂಬ ವಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲೇ ಇದೆ. ತನ್ನ ಬದುಕನ್ನು ತಾನು ತೂಗಿ ನೋಡಲು ಅದು ಗಂಭೀರವಾದ ವಿಚಾರ. ಎದುರಿಗೆ ಅಳುತ್ತಿರುವವನ ಮುಖಕ್ಕೆ ಅದನ್ನು ಹಿಡಿದಾಗ ಕ್ರೌರ್ಯವಾಗುತ್ತದೆ. ಬೈಬಲಿನ ಯೋಬನ ಗೆಳೆಯರು ಮಾಡಿದ್ದು ಇದನ್ನೇ: ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನಿಗೆ ನಿನ್ನ ಪಾಪವೇ ಕಾರಣ ಎಂದರು. ಕಡೆಗೆ ದೇವರು ಕೋಪಿಸಿಕೊಂಡದ್ದು ಆ ಗೆಳೆಯರ ಮೇಲೆ. ದೂರಿ ದೂರಿ ಜಗಳವಾಡಿದ ಯೋಬನ ಮಾತೇ ಸರಿ ಎಂದ.

ಎಲ್ಲವೂ ಹೀಗೆ ಸಲೀಸಾಗಿ ಕೂಡಿಬರುವುದಿಲ್ಲ. ಅದೇ ಬೈಬಲಿನಲ್ಲಿ ದೊರೆ ಫರೋಹನ ಹಟಕ್ಕೆ ಈಜಿಪ್ಟಿನ ಚೊಚ್ಚಲ ಮಕ್ಕಳೇಕೆ ಸಾಯಬೇಕಿತ್ತು? ಕೆಲವು ಜೀವರಿಗೆ ಬಿಡುಗಡೆಯೇ ಇಲ್ಲ ಎನ್ನುವ ಮಧ್ವಮತದ ತಮೋಯೋಗ್ಯರ ನಿರೂಪಣೆ ಕರುಣೆಯೊಂದಿಗೆ ಹೇಗೆ ಹೊಂದುತ್ತದೆ? ಶ್ರದ್ಧೆಯುಳ್ಳ ಓದುಗನಿಗೂ ಇವು ಚುಚ್ಚುತ್ತವೆ, ಚುಚ್ಚಲೇಬೇಕು.

1934ರ ಜನವರಿ 15ರಂದು ಬಿಹಾರ ನಡುಗಿ ಸಾವಿರಾರು ಜನ ಸತ್ತಾಗ, ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಿದು ಎಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಸುಮ್ಮನಿರಲಿಲ್ಲ. ಭೂಕಂಪಕ್ಕೆ ಭೌತಿಕ ಕಾರಣಗಳೇ ಇರುತ್ತವೆ, ಇಂಥ ವಾದ ನಿಮಗಿಂತ ನಿಮ್ಮ ವಿರೋಧಿಗಳಿಗೇ ಚೆನ್ನಾಗಿ ಒಗ್ಗುತ್ತದೆ ಎಂದು ಬರೆದರು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು, ಆದರೆ ತಮ್ಮ ಮಾತು ಬಿಡಲಿಲ್ಲ. ಗಾಂಧೀಜಿಯ ನೋವು ಎಷ್ಟು ನಿಜವಾದರೂ ಇಲ್ಲಿ ಸರಿ ಇದ್ದವರು ಠಾಕೂರರು. ಕುಸಿದ ಮನೆಗಳಡಿ ಸಿಕ್ಕವರಲ್ಲಿ ಅಸ್ಪೃಶ್ಯತೆಯ ಬೇಗೆ ಉಂಡವರೂ ಇದ್ದರಲ್ಲ, ಅವರಿಗೆ ಯಾವ ಶಿಕ್ಷೆ?

ಗಡಿಯ ಊರುಗಳಲ್ಲಿ ಹರಿಕಥೆ ಮಾಡುವವರು, ಚರ್ಚಿನಲ್ಲಿ, ಮಸೀದಿಯಲ್ಲಿ ಉಪದೇಶ ಕೊಡುವವರು, ಮಠದ ಸ್ವಾಮಿಗಳು ಬರದ ವರ್ಷದಲ್ಲಿ ಪಾಪದ ಮಾತು ಕೈಬಿಡಲಿ. ಪ್ರಹ್ಲಾದ ಚರಿತ್ರೆಗೆ ಹೊಟ್ಟೆ ಬಗೆದಲ್ಲಿಗೇ ಮಂಗಳ ಹಾಡದೆ, ಹುಡುಗ ಅಪ್ಪನಿಗಾಗಿ ಬೇಡಿಕೊಂಡ ಪ್ರಸಂಗದವರೆಗೂ ಕಥೆ ನಡೆಸಲಿ. ಸಾಲಗಾರರು ಬಾಗಿಲು ತಟ್ಟುತ್ತಿರುವ ಮನೆಯವರೂ ಆ ಸಭೆಯಲ್ಲಿ ಕೂತಿರುತ್ತಾರೆ.