ಮಗ್ಗವೂ ಗಣಕಯಂತ್ರವೂ

ಗಣಕಯಂತ್ರ ಬಂದ ಮೇಲೆ ಕೈಮಗ್ಗ ಉಳಿಯದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ. 1804ರಲ್ಲಿ ಫ್ರಾನ್ಸಿನ ಜಾಕಾರ್ಡನು ತೂತು ಕೊರೆದ ರಟ್ಟುಗಳ ಮೂಲಕ ಮಗ್ಗದ ಎಳೆಗಳನ್ನು ಎತ್ತಿಸಿ ಚಿತ್ತಾರ ಮೂಡಿಸಿದನು. ಇಂಗ್ಲೆಂಡಿನ ಬ್ಯಾಬೇಜನು 1830ರ ದಶಕದಲ್ಲಿ ಅದೇ ಉಪಾಯವನ್ನು ತನ್ನ ಗಣನಯಂತ್ರದ ಯೋಜನೆಗೆ ಅಳವಡಿಸಿಕೊಂಡನು. ಹೀಗೆ ಗಣಕಕ್ಕೆ ಮಗ್ಗವೇ ಗುರು.

ಇಂದು ಶಿಷ್ಯನು ಗುರುದಕ್ಷಿಣೆ ಸಲ್ಲಿಸಬಹುದಾಗಿದೆ. ಚೌಕುಳಿ ಕಾಗದದ ಮೇಲೆ ದಿನಗಟ್ಟಲೆ ಬಿಡಿಸಬೇಕಿದ್ದ ಅಂಚು ಸೆರಗುಗಳ ನಮೂನೆಯನ್ನು ಗಣಕದಲ್ಲಿ ಬೇಗನೆ ಬಿಡಿಸಿ, ತಿದ್ದಿ, ಮುಂದಿನ ಪೀಳಿಗೆಗೆ ಕಾಪಿಡಬಹುದು. ನಮ್ಮ ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಇದೆ. ಆದರೆ ದೂರದೂರಿನವರಿಗೆ ಅದರ ಗುರುತು ಹತ್ತುವುದು ಹೇಗೆ? ಸೀರೆಯೊಡನೆ ಇರುವ ಕ್ಯೂಆರ್ ಚೀಟಿಯನ್ನು ಮೊಬೈಲಿನಿಂದ ನೋಡಿದೊಡನೆ ನೇಯ್ದವರ ಹೆಸರು, ಬಳಸಿದ ನೂಲು, ತಗುಲಿದ ದಿನಗಳು ತಿಳಿಯುವಂತಾದರೆ, ಕೈನೇಯ್ಗೆಗೂ ವಿದ್ಯುತ್ ಮಗ್ಗದ ಅನುಕರಣೆಗೂ ಇರುವ ಅಂತರ ಅವರ ಅರಿವಿಗೆ ಬರುತ್ತದೆ. ಬೆಲೆ ಏಕೆ ಹೆಚ್ಚೆಂಬುದೂ ಮನದಟ್ಟಾಗುತ್ತದೆ.

ಆದರೆ ಆ ಹೆಚ್ಚಿನ ಬೆಲೆ ನೇಕಾರರ ಕೂಲಿಗೆ ಸೇರಲೇಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅದು ನಡುವಿನವರ ಪಾಲಾದರೆ ಅವರ ಮಕ್ಕಳು ಮಗ್ಗದತ್ತ ಸುಳಿಯಲಾರರು. ಗಣಕವು ಎಷ್ಟೇ ಚೆಲುವಾದ ಚಿತ್ತಾರವನ್ನು ಬಿಡಿಸಲಿ, ನೇಯುವ ಕೈಗಳಿಲ್ಲದೆ ಅದು ಸೀರೆಯಾಗದು.