ಎರಡನೆಯ ಕಿಂಡಿ

ಹೊಸ ಯಂತ್ರವೊಂದು ಪೇಟೆಗೆ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ವಾಗ್ವಾದವೂ ಬರುತ್ತದೆ. ಯಾವುದರ ಪರದೆ ದೊಡ್ಡದು, ಯಾವುದರ ಬ್ಯಾಟರಿ ಹೆಚ್ಚು ಹೊತ್ತು ತಾಳುತ್ತದೆ, ಯಾವುದಕ್ಕೆ ಕೊಟ್ಟ ಹಣ ಸಾರ್ಥಕ ಎಂದು ವಿದ್ಯಾವಂತರು ಮತಾಚಾರ್ಯರ ಆವೇಶದಿಂದ ಜಗಳವಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಹಿಂದಿನ ಕಾಲದ ವಾದಗಳಲ್ಲಿ ಸೋತವನು ಗೆದ್ದವನ ಶಿಷ್ಯನಾಗುವ ಸಂಪ್ರದಾಯವಾದರೂ ಇದ್ದಿತಂತೆ. ಇಲ್ಲಿ ಆ ಕಟ್ಟುಪಾಡೂ ಇಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ವಾದಿಯ ಯಂತ್ರವೂ ಪ್ರತಿವಾದಿಯ ಯಂತ್ರವೂ ಅಟ್ಟದ ಮೇಲೆ ಒಂದೇ ಬಗೆಯ ಧೂಳಿನ ಕೆಳಗೆ ಶಾಂತವಾಗಿ ಮಲಗಿರುತ್ತವೆ.

ಹಾಗೆಂದು ಈ ಜಗಳಗಳನ್ನು ನಕ್ಕು ತಳ್ಳಿಹಾಕುವಂತಿಲ್ಲ. ದಿನಬಳಕೆಯ ವಸ್ತುಗಳು ನಮ್ಮ ನಡೆವಳಿಕೆಯನ್ನು ತಿದ್ದುವಷ್ಟು ಮಹಾಗ್ರಂಥಗಳೂ ತಿದ್ದುವುದಿಲ್ಲ. ಆದುದರಿಂದ ವಾದ ನಡೆಯುತ್ತದೆಂಬುದು ನನ್ನ ಆಕ್ಷೇಪಣೆಯಲ್ಲ. ನಡೆಯಬೇಕಾದ ವಿಷಯವನ್ನು ಬಿಟ್ಟು ನಡೆಯುತ್ತದೆಂಬುದು ನನ್ನ ಆಕ್ಷೇಪಣೆ. ಕೈಯಲ್ಲಿ ಹಿಡಿದು ಕೇಳುವ, ನೋಡುವ ಉಪಕರಣಗಳ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಿದರೆ ಈ ಮಾತು ಸ್ಪಷ್ಟವಾದೀತು.

ಜಪಾನಿನ ಸೋನಿ ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಅವರಿಗೆ ದೀರ್ಘವಾದ ವಿಮಾನಪ್ರಯಾಣದಲ್ಲಿ ಸಂಗೀತ ಕೇಳುವ ಆಸೆ. ಅದಕ್ಕಾಗಿ ಹಗುರವಾದ ಒಂದು ಟೇಪ್ ಯಂತ್ರ ಸಿದ್ಧವಾಯಿತು. ಧ್ವನಿಮುದ್ರಣ ಮಾಡಲಾರದ ಟೇಪ್ ಯಂತ್ರವನ್ನು ಯಾರು ಕೊಂಡಾರು ಎಂದು ಕಂಪನಿಯೊಳಗೇ ಸಂದೇಹವೆದ್ದಿತು. ಇನ್ನೊಬ್ಬ ಸಂಸ್ಥಾಪಕರಾದ ಅಕಿಯೊ ಮೊರಿಟಾ ಅವರು ಆ ಸಂದೇಹವನ್ನು ಮೀರಿ 1979ರ ಜುಲೈ 1ರಂದು ಅದನ್ನು ಮಾರಾಟಕ್ಕೆ ತಂದರು. ಅದೇ ವಾಕ್‌ಮನ್.

ಆ ಮೊದಲನೆಯ ವಾಕ್‌ಮನ್ನಿನಲ್ಲಿ ಒಂದು ವಿಶೇಷವಿದ್ದಿತು. ಇಯರ್‌ಫೋನ್ ಸಿಕ್ಕಿಸಲು ಅದರಲ್ಲಿ ಒಂದಲ್ಲ, ಎರಡು ಕಿಂಡಿಗಳಿದ್ದವು. ಜೊತೆಗೆ ಒಂದು ಗುಂಡಿ. ಅದನ್ನೊತ್ತಿದರೆ ಸಂಗೀತ ತಗ್ಗಿ, ಕೇಳುತ್ತಿರುವ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಬಹುದು. ಇದರ ಕಾರಣವನ್ನು ಮೊರಿಟಾ ಅವರೇ 1986ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮನೆಗೆ ಒಯ್ದು ಪರೀಕ್ಷಿಸುತ್ತಿದ್ದಾಗ ಅವರ ಪತ್ನಿಗೆ ತನ್ನನ್ನು ಹೊರಗಿಟ್ಟಂತಾಯಿತಂತೆ. ಒಬ್ಬನೇ ಕಿವಿಮುಚ್ಚಿಕೊಂಡು ಸಂಗೀತ ಕೇಳುವುದು ಅವಿನಯವೆಂದು ಯೋಚಿಸಿ ಅವರು ಎರಡನೆಯ ಕಿಂಡಿಯನ್ನು ಇಡಿಸಿದರು. ಆದರೆ ಕೊಂಡವರ ಬಗೆ ಬೇರೆಯಾಗಿದ್ದಿತು. ಹಂಚಿಕೊಳ್ಳುವುದು ಯಾರಿಗೂ ಬೇಕಾಗಿರಲಿಲ್ಲ. ಪ್ರತಿಯೊಬ್ಬನಿಗೂ ತನ್ನದೇ ಒಂದು ಬೇಕಾಗಿತ್ತು. ಮಾತಿನ ಗುಂಡಿ ಹೋಯಿತು. ಬಹುಪಾಲು ಮಾದರಿಗಳಲ್ಲಿ ಎರಡನೆಯ ಕಿಂಡಿಯೂ ಹೋಯಿತು.

ಈ ಸಣ್ಣ ಸಂಗತಿಯನ್ನು ನಾವು ಗಮನಿಸಬೇಕು. ಯಂತ್ರ ಮನುಷ್ಯನನ್ನು ಒಂಟಿಯಾಗಿಸಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಯಂತ್ರ ಮಾಡಿದವನು ಇಬ್ಬರಿಗೆ ಎಡೆಯಿಟ್ಟಿದ್ದನು. ಒಂಟಿತನವನ್ನು ಕೇಳಿ ಪಡೆದವರು ನಾವು.

ಕೇಳುವ ಯಂತ್ರದ ಹಿಂದೆಯೇ ನೋಡುವ ಯಂತ್ರ ಬಂದಿತು. 1982ರಲ್ಲಿ ಸೋನಿಯವರದೇ ವಾಚ್‌ಮನ್. ಎರಡು ಅಂಗುಲದ ಕಪ್ಪುಬಿಳುಪಿನ ಟೆಲಿವಿಷನ್. 1988ರಲ್ಲಿ ಸಣ್ಣ ಕ್ಯಾಸೆಟ್ಟುಗಳ ವಿಡಿಯೊ ವಾಕ್‌ಮನ್. ಮೂರಂಗುಲದ ಬಣ್ಣದ ಪರದೆ. 1998ರಲ್ಲಿ ಪ್ಯಾನಸೋನಿಕ್ ಕಂಪನಿ ಕೈಯಲ್ಲಿ ಒಯ್ಯಬಹುದಾದ ಡಿವಿಡಿ ಯಂತ್ರವನ್ನು ತಂದಿತು. 2005ರ ಅಕ್ಟೋಬರಿನಲ್ಲಿ ಆಪಲ್ ಕಂಪನಿಯ ಐಪಾಡ್, ಹಾಡಿನ ಜೊತೆಗೆ ಎರಡೂವರೆ ಅಂಗುಲದ ಪರದೆಯ ಮೇಲೆ ವಿಡಿಯೊವನ್ನೂ ತೋರಿಸತೊಡಗಿತು. ಆಗ ನಡೆದ ವಾದದಲ್ಲಿ ರಸಿಕರೆಲ್ಲ ಒಂದೇ ಪ್ರಶ್ನೆ ಕೇಳಿದರು: ಬೆಂಕಿಪೆಟ್ಟಿಗೆಯಷ್ಟಗಲದ ಪರದೆಯಲ್ಲಿ ಸಿನಿಮಾ ನೋಡುವ ಮೂಢನಾರು?

ಸೌಂದರ್ಯದ ದೃಷ್ಟಿಯಿಂದ ಅವರ ಪ್ರಶ್ನೆ ನ್ಯಾಯವಾದುದೇ. ಮರುಭೂಮಿಯ ದೃಶ್ಯವನ್ನು ಅಂಗೈಯಲ್ಲಿ ನೋಡುವುದು ಕಡಲನ್ನು ಲೋಟದಲ್ಲಿ ನೋಡಿದಂತೆ. ಆದರೆ ಮನುಷ್ಯಸ್ವಭಾವದ ಲೆಕ್ಕದಲ್ಲಿ ಅವರು ತಪ್ಪಿದರು. ಜನಕ್ಕೆ ಬೇಕಾಗಿದ್ದುದು ಚಿತ್ರದ ವೈಭವವಲ್ಲ, ತಮ್ಮದೇ ಆದ ಒಂದು ಗಳಿಗೆ. ಆಸ್ಪತ್ರೆಯ ಕಾರಿಡಾರಿನಲ್ಲಿ ರೋಗಿಯ ಎಚ್ಚರಕ್ಕಾಗಿ ಕಾಯುತ್ತ ಕುಳಿತವನಿಗೆ, ರಾತ್ರಿಪಾಳಿಯ ಕಾವಲುಗಾರನಿಗೆ, ದೂರದೂರಿನ ಕೊಠಡಿಯಲ್ಲಿ ತನ್ನ ಭಾಷೆಯ ಮಾತಿಗೆ ಹಾತೊರೆಯುವ ಕೂಲಿಯವನಿಗೆ ಪರದೆಯ ಅಳತೆ ಮುಖ್ಯವಲ್ಲ.

ಇಲ್ಲಿ ನಮ್ಮಂಥ ಹಳಬರು ಒಂದು ನಿಟ್ಟುಸಿರು ಬಿಡುವ ವಾಡಿಕೆಯುಂಟು. ಹಿಂದೆ ಊರೆಲ್ಲ ಕೂಡಿ ಬಯಲಾಟ ನೋಡುತ್ತಿದ್ದೆವು, ಟೆಂಟಿನಲ್ಲಿ ಕುಳಿತು ಸಿನಿಮಾ ನೋಡುತ್ತಿದ್ದೆವು, ಬೀದಿಗೆ ಒಂದೇ ಟೆಲಿವಿಷನ್ ಇದ್ದಾಗ ಆ ಮನೆಯ ನಡುಮನೆ ತುಂಬಿರುತ್ತಿದ್ದಿತು ಎಂದು. ನಾನೂ ಅಂಥ ನಿಟ್ಟುಸಿರು ಬಿಟ್ಟವನೇ. ಆದರೆ ನಿಟ್ಟುಸಿರಿನಲ್ಲಿ ಅರ್ಧಸತ್ಯವೇ ಹೆಚ್ಚು. ಟೆಂಟಿನೊಳಗೂ ನೆಲ, ಬೆಂಚು, ಕುರ್ಚಿ ಎಂಬ ಅಂತಸ್ತುಗಳಿದ್ದವು. ನಡುಮನೆಯಲ್ಲಿ ಯಾವ ಕಾರ್ಯಕ್ರಮ ನೋಡಬೇಕೆಂಬುದನ್ನು ತೀರ್ಮಾನಿಸುತ್ತಿದ್ದವನು ಯಜಮಾನ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಅರ್ಧಂಬರ್ಧ ನೋಡುತ್ತಿದ್ದವಳು ಮನೆಯ ಹೆಂಗಸು. ಒಟ್ಟಾಗಿ ನೋಡುತ್ತಿದ್ದೆವು ನಿಜ, ಒಟ್ಟಾಗಿ ಆರಿಸುತ್ತಿರಲಿಲ್ಲ. ಇಂದು ಅವಳ ಕೈಯಲ್ಲಿ ಒಂದು ಪರದೆಯಿದ್ದು, ಮಧ್ಯಾಹ್ನದ ಬಿಡುವಿನಲ್ಲಿ ತನಗೆ ಬೇಕಾದುದನ್ನು ತಾನೇ ನೋಡುವಳಾದರೆ, ಅದನ್ನು ಒಂಟಿತನವೆಂದು ಕರೆಯುವ ಅಧಿಕಾರ ನನಗಿಲ್ಲ. ಆದುದರಿಂದ ಒಬ್ಬರೇ ನೋಡುವುದು ತಪ್ಪೆಂಬುದು ನನ್ನ ವಾದವಲ್ಲ. ಎರಡನೆಯ ಕಿಂಡಿ ಇರಬೇಕು. ಅದನ್ನು ಬಳಸುವುದೂ ಬಿಡುವುದೂ ನಮ್ಮ ಇಷ್ಟವಾಗಿರಬೇಕು ಎಂಬುದಷ್ಟೆ.

ಈಗ ಕೇಳಬೇಕಾದ ಪ್ರಶ್ನೆಗಳಿಗೆ ಬರೋಣ. ಮೊದಲನೆಯದು: ನಾನು ಕೊಂಡುದು ನನ್ನದೇ? ಕ್ಯಾಸೆಟ್ಟನ್ನು ಕೊಂಡವನು ಅದನ್ನು ನೆರೆಮನೆಗೆ ಕೊಡಬಹುದಿತ್ತು, ಮರಳಿ ಬಾರದಿದ್ದರೆ ಹಲುಬಬಹುದಿತ್ತು. ಡಿವಿಡಿಯ ಕಾಲಕ್ಕೆ ತಯಾರಕರು ಪ್ರಪಂಚವನ್ನು ವಲಯಗಳಾಗಿ ಹಂಚಿದರು. ಅಮೆರಿಕವು ಒಂದನೆಯ ವಲಯ, ಭಾರತವು ಐದನೆಯದು. ಅಲ್ಲಿಯ ತಟ್ಟೆಯನ್ನು ಇಲ್ಲಿಯ ಯಂತ್ರ ಒಪ್ಪದು. ಅಣ್ಣನು ಅಮೆರಿಕದಿಂದ ಪ್ರೀತಿಯಿಂದ ತಂದ ಸಿನಿಮಾ ತಮ್ಮನ ಮನೆಯಲ್ಲಿ ಬರಿಯ ಹೊಳೆಯುವ ಬಿಲ್ಲೆ. ತಟ್ಟೆಯೂ ಹೋಗಿ ಎಲ್ಲವೂ ತಂತಿಯ ಮೂಲಕ ಬರತೊಡಗಿದ ಮೇಲೆ ಒಡೆತನ ಇನ್ನೂ ತೆಳ್ಳಗಾಯಿತು. 2008ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಸಂಗೀತದಂಗಡಿಯಿಂದ ಕೊಂಡ ಹಾಡುಗಳಿಗೆ ಹೊಸ ಕಂಪ್ಯೂಟರಿನಲ್ಲಿ ಅನುಮತಿ ನೀಡುವುದನ್ನು ನಿಲ್ಲಿಸುವುದಾಗಿ ಸಾರಿತು; ಕೊಂಡವರು ಗಲಾಟೆ ಮಾಡಿದ ಮೇಲೆ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿತು. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ಮಾರಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಓದುಗರ ಕಿಂಡಲ್ ಯಂತ್ರಗಳಿಂದ ಪುಸ್ತಕಗಳನ್ನು ಅವರಿಗರಿವಿಲ್ಲದೆ ಅಳಿಸಿಹಾಕಿತು. ಆ ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲ್ಲನ '1984'! ಬೇಡದ ಬರಹವನ್ನು ಅಧಿಕಾರದಲ್ಲಿರುವವರು ಗುರುತಿಲ್ಲದಂತೆ ಅಳಿಸುವ ಕಥೆಯದು. ಹಣವನ್ನು ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಆದರೆ ಪುಸ್ತಕದಂಗಡಿಯವನು ರಾತ್ರಿ ನಮ್ಮ ಮನೆಗೆ ಬಂದು ಕಪಾಟಿನಿಂದ ಪುಸ್ತಕವನ್ನು ಒಯ್ದು, ಮೇಜಿನ ಮೇಲೆ ಹಣವಿಟ್ಟು ಹೋದರೆ ನಾವು ಅದನ್ನು ವ್ಯಾಪಾರವೆನ್ನುತ್ತೇವೆಯೆ?

ಸಾಹಿತ್ಯದ ಓದುಗರಿಗೆ ಇದು ದೂರದ ಮಾತಲ್ಲ. ನಮ್ಮಲ್ಲಿ ಅನೇಕರು ಓದುಗರಾದುದು ಕೊಂಡ ಪುಸ್ತಕಗಳಿಂದಲ್ಲ, ಕಡ ತಂದ ಪುಸ್ತಕಗಳಿಂದ. ಮೇಷ್ಟರು ತಮ್ಮ ಹೆಸರು ಬರೆದ ಪ್ರತಿಯನ್ನು ಹುಡುಗನ ಕೈಗಿತ್ತು, 'ಕಿವಿ ಮಡಿಸಬೇಡಪ್ಪ, ಓದಿ ತಂದುಕೊಡು' ಎಂದಾಗ ಅಲ್ಲಿ ನಡೆಯುತ್ತಿದ್ದುದು ಒಂದು ವಸ್ತುವಿನ ವರ್ಗಾವಣೆಯಷ್ಟೇ ಅಲ್ಲ. ಕಡ ಕೊಡಲಾಗದ ವಸ್ತು ಎಷ್ಟೇ ಅಗ್ಗವಾಗಿರಲಿ, ಸಂಸ್ಕೃತಿಯ ದೃಷ್ಟಿಯಿಂದ ಅದು ತುಟ್ಟಿ.

ಎರಡನೆಯ ಪ್ರಶ್ನೆ: ಕೆಟ್ಟರೆ ಇದನ್ನು ಬಿಚ್ಚಬಹುದೆ? ಐಪಾಡಿನ ಮೊದಲ ವರ್ಷಗಳಲ್ಲಿ ಅದರ ಬ್ಯಾಟರಿಯನ್ನು ಕೊಂಡವನು ಬದಲಿಸುವಂತಿರಲಿಲ್ಲ. 2003ರಲ್ಲಿ ನ್ಯೂಯಾರ್ಕಿನ ನೈಸ್ಟಾಟ್ ಸಹೋದರರು ಬೀದಿಬೀದಿಯ ಐಪಾಡ್ ಜಾಹೀರಾತುಗಳ ಮೇಲೆ, ಇದರ ಬ್ಯಾಟರಿಯ ಆಯುಸ್ಸು ಹದಿನೆಂಟು ತಿಂಗಳಷ್ಟೇ ಎಂಬ ಎಚ್ಚರಿಕೆಯನ್ನು ಅಚ್ಚೊತ್ತುತ್ತ ಹೋಗಿ, ಅದನ್ನೇ ಒಂದು ಸಣ್ಣ ಚಿತ್ರವಾಗಿಸಿದರು. ಅದೇ ವರ್ಷ ಕಂಪನಿ 99 ಡಾಲರಿಗೆ ಬ್ಯಾಟರಿ ಬದಲಿಸಿಕೊಡುವ ಏರ್ಪಾಡನ್ನು ಪ್ರಕಟಿಸಿತು. ಅಂದು ಇಬ್ಬರ ತಕರಾರೆಂದು ಕಂಡದ್ದು ಮುಂದೆ ಶಾಸನವಾಯಿತು. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ನಿಯಮದಲ್ಲಿ, 2027ರ ಫೆಬ್ರವರಿಯಿಂದ ಅನ್ವಯವಾಗುವಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವಂತಿರಬೇಕೆಂದು ವಿಧಿಸಿತು. ಭಾರತ ಸರಕಾರವೂ 2022ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಎಂಬ ಹೆಸರಿನಲ್ಲಿ ಬಳಕೆದಾರರಿಗೆ ಮಾಹಿತಿ ಒದಗಿಸುವ ಜಾಲತಾಣವನ್ನು ತೆರೆಯಿತು.

ದುರಸ್ತಿ ಎಂಬುದು ಹಣ ಉಳಿಸುವ ಉಪಾಯ ಮಾತ್ರವೆಂದು ನಾನೂ ಬಹುಕಾಲ ಭಾವಿಸಿದ್ದೆ. ನನ್ನಲ್ಲಿ ಒಂದು ಪುಟ್ಟ ವಿಡಿಯೊ ಯಂತ್ರವಿದ್ದಿತು. ತಂಗಿಯ ಮದುವೆಯ ಚಿತ್ರದ ಒಂದು ತುಣುಕು ಅದರಲ್ಲಿ ಮಾತ್ರ ಉಳಿದಿದ್ದಿತು. ಮೂಲದ ಟೇಪಿಗೆ ಎಂದೋ ಬೂಷ್ಟು ಹಿಡಿದಿದ್ದಿತು. ಆ ತುಣುಕಿನಲ್ಲಿ ಈಗಿಲ್ಲದ ನಮ್ಮ ತಂದೆ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಊಟದ ಪಂಕ್ತಿಯ ನಡುವೆ ನಡೆದುಬರುತ್ತಾರೆ. ಒಂದು ದಿನ ಯಂತ್ರದ ಬ್ಯಾಟರಿ ಉಬ್ಬಿ ನಿಂತುಹೋಯಿತು. ತಯಾರಕರ ಸೇವಾಕೇಂದ್ರದವರು ಆ ಮಾದರಿಯನ್ನು ನಿಲ್ಲಿಸಿ ವರ್ಷಗಳಾದುವೆಂದೂ, ಹೊಸದನ್ನು ಕೊಳ್ಳುವುದೇ ಲೇಸೆಂದೂ ವಿನಯದಿಂದಲೇ ಹೇಳಿದರು. ಕೊನೆಗೆ ಮಾರುಕಟ್ಟೆಯ ಸಂದಿಯಲ್ಲಿದ್ದ ರಿಪೇರಿ ಅಂಗಡಿಗೆ ಒಯ್ದೆ. 'ಇದಕ್ಕೆ ಸ್ಕ್ರೂವೇ ಇಲ್ಲ ಸಾರ್, ಅಂಟು ಹಾಕಿ ಮುಚ್ಚಿದ್ದಾರೆ' ಎಂದು ಅಂಗಡಿಯಾತ ಮುಚ್ಚಳವನ್ನು ಬಿಸಿಮಾಡಿ, ತೆಳುವಾದ ಪ್ಲಾಸ್ಟಿಕ್ ಚೂರೊಂದರಿಂದ ಮೆಲ್ಲನೆ ಮೀಟಿ ತೆರೆದನು. ಬೇರೆ ಯಾವುದೋ ಯಂತ್ರದ ಬ್ಯಾಟರಿಯನ್ನು ಬೆಸುಗೆ ಹಾಕಿದನು. ಬೆಳಕು ಬಂದಿತು. ಆತ, ಆತನ ಕೈಕೆಳಗಿನ ಹುಡುಗ, ನಾನು, ಮೂವರೂ ತಲೆಗೆ ತಲೆ ತಾಗಿಸಿಕೊಂಡು ಆ ಅಂಗೈಯಗಲದ ಪರದೆಯನ್ನು ನೋಡಿದೆವು. 'ಯಾರು ಸಾರ್, ನಿಮ್ಮ ತಂದೇರಾ?' ಎಂದು ಹುಡುಗ ಕೇಳಿದನು. ಒಬ್ಬರಿಗೆಂದೇ ಮಾಡಿದ ಯಂತ್ರ ಆ ಅಂಗಡಿಯಲ್ಲಿ ಮೂವರದಾಯಿತು. ಬಿಚ್ಚಲಾಗದ ವಸ್ತು ನೆನಪನ್ನು ಇಟ್ಟುಕೊಳ್ಳಲು ಯೋಗ್ಯವಾದ ಪೆಟ್ಟಿಗೆಯಲ್ಲವೆಂದು ನನಗೆ ಮನದಟ್ಟಾದುದು ಅಂದು.

ಮೂರನೆಯ ಪ್ರಶ್ನೆ ಮೊರಿಟಾ ಅವರದೇ: ಇದನ್ನು ಬಳಸುವಾಗ ಪಕ್ಕದಲ್ಲಿರುವವರ ಗತಿಯೇನು? ಒಬ್ಬನೇ ಕೇಳುವುದು ಅವಿನಯವೆಂದು ಅವರು ಅಂಜಿದರು. ಎಲ್ಲರಿಗೂ ಬಲವಂತವಾಗಿ ಕೇಳಿಸುವ ಅವಿನಯವೊಂದು ಮುಂದೆ ಬಂದೀತೆಂದು ಅವರು ಎಣಿಸಿರಲಾರರು. ನಮ್ಮ ಬಸ್ಸುಗಳಲ್ಲಿ ಅದು ಎಷ್ಟು ಬೆಳೆಯಿತೆಂದರೆ, ವಿಷಯ ಹೈಕೋರ್ಟಿನವರೆಗೂ ಹೋಗಿ, 2021ರ ನವೆಂಬರಿನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬಸ್ಸಿನೊಳಗೆ ಮೊಬೈಲಿನಲ್ಲಿ ಗಟ್ಟಿಯಾಗಿ ಹಾಡು, ವಿಡಿಯೊ ಹಾಕುವುದನ್ನು ನಿಷೇಧಿಸಬೇಕಾಯಿತು. ಪಕ್ಕದವನನ್ನು ಹೊರಗಿಡುವುದು ಒಂದು ತುದಿ, ಅವನನ್ನು ಕೇಳದೆಯೇ ಒಳಗೆಳೆಯುವುದು ಇನ್ನೊಂದು ತುದಿ. ಎರಡರಲ್ಲಿಯೂ ಪಕ್ಕದವನೊಬ್ಬ ಮನುಷ್ಯನೆಂಬ ಅರಿವಿಲ್ಲ. ಎರಡನೆಯ ಕಿಂಡಿಯಲ್ಲಿದ್ದುದು ಆ ಅರಿವು: ನಿನಗೂ ಇಲ್ಲಿ ಎಡೆಯಿದೆ, ಇಷ್ಟವಿದ್ದರೆ ಬಾ ಎಂಬ ಆಹ್ವಾನ.

ಆ ಕಿಂಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಆಪಲ್ ಕಂಪನಿ ತನ್ನ ಐಫೋನ್ 7ರಿಂದ, ಉಳಿದಿದ್ದ ಒಂದು ಕಿಂಡಿಯನ್ನೂ ತೆಗೆದುಹಾಕಿತು. ವೇದಿಕೆಯ ಮೇಲೆ ಅದನ್ನು ಧೈರ್ಯವೆಂದು ವರ್ಣಿಸಿದಾಗ ಲೋಕ ನಕ್ಕಿತು. 2019ರಲ್ಲಿ ಅದೇ ಕಂಪನಿ ಒಂದು ಫೋನಿನ ಧ್ವನಿಯನ್ನು ಇಬ್ಬರು ತಂತಿಯಿಲ್ಲದ ಇಯರ್‌ಫೋನುಗಳಲ್ಲಿ ಕೂಡಿ ಕೇಳುವ ಸೌಕರ್ಯವನ್ನು ಹೊಸದೆಂಬಂತೆ ತಂದಿತು. ನಲವತ್ತು ವರ್ಷಗಳ ಮೇಲೆ ಎರಡನೆಯ ಕಿಂಡಿ ಮರಳಿತು. ಆದರೆ ಇಬ್ಬರ ಕಿವಿಯಲ್ಲಿಯೂ ಆ ಕಂಪನಿಯದೇ ಉಪಕರಣವಿರಬೇಕೆಂಬ ಕರಾರಿನೊಡನೆ! ಕಳೆದುಕೊಂಡುದನ್ನು ಎರಡನೆಯ ಸಲ ಹಣ ಕೊಟ್ಟು ಕೊಳ್ಳುವುದೆಂದರೆ ಇದೇ.

ಪರದೆಯ ಅಳತೆಯನ್ನು ಕುರಿತು ವಾದಿಸುವ ತರುಣರಿಗೆ ನಾನು ಹೇಳುವುದಿಷ್ಟೆ. ವಾದಿಸಿರಿ; ಆದರೆ ಕೊಳ್ಳುವ ಮುನ್ನ ಇದನ್ನು ಕಡ ಕೊಡಬಹುದೆ, ಬಿಚ್ಚಬಹುದೆ, ಪಕ್ಕದವರಿಗೆ ಇದರಲ್ಲಿ ಎಡೆಯುಂಟೆ ಎಂದೂ ಕೇಳಿರಿ. ನಾವು ಕೇಳದಿದ್ದರೆ ಮಾರುವವರು ತಾವಾಗಿ ಹೇಳುವುದಿಲ್ಲ. ಮೊದಲ ಸಲ ನಾವು ಕೇಳದೆ ಹೋದುದರಿಂದಲೇ ಆ ಕಿಂಡಿ ಮುಚ್ಚಿತು.

ಮೊನ್ನೆ ಸಂಜೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಕುಳಿತಿದ್ದರು. ಹಳೆಯ ಕಾಲದ ತಂತಿಯ ಇಯರ್‌ಫೋನ್. ಒಂದು ಬಿಲ್ಲೆ ಒಬ್ಬಳ ಕಿವಿಯಲ್ಲಿ, ಇನ್ನೊಂದು ಇನ್ನೊಬ್ಬಳ ಕಿವಿಯಲ್ಲಿ. ತಂತಿ ಗಿಡ್ಡವಾದುದರಿಂದ ಇಬ್ಬರೂ ತಲೆ ಹತ್ತಿರ ತಂದುಕೊಂಡಿದ್ದರು. ಏನು ಕೇಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಹಾಗೆ ತಿಳಿಯದಿದ್ದುದೂ ಅವರ ಸೌಜನ್ಯವೇ. ನಡುನಡುವೆ ಒಬ್ಬಳು ಏನೋ ಹೇಳುತ್ತಿದ್ದಳು, ಇನ್ನೊಬ್ಬಳು ನಗುತ್ತಿದ್ದಳು. ಇಬ್ಬರಿಗೂ ಒಂದೊಂದು ಕಿವಿ ಬಿಡುವಾಗಿದ್ದಿತು.